ಜಪಾನಿನ ಪಂಡಿತ ಚಿತ್ರಕಾರ ಇಕೆ ನೊ ತೈಗ

ಜಪಾನಿನ ಚಿತ್ರಕಲೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಹೊಕುಸಾಯಿಯ ದೊಡ್ಡ ಅಲೆ. ಇಲ್ಲವೆ ಬಣ್ಣದ ಅಚ್ಚಿನಲ್ಲಿ ಬಂದ ನಟರ ಮತ್ತು ಸುಂದರಿಯರ ಮುಖಗಳು. ಅವು ನಗರದ ಅಂಗಡಿಗಳಲ್ಲಿ ಜನಸಾಮಾನ್ಯರು ಕೊಂಡುಕೊಳ್ಳುತ್ತಿದ್ದ ಚಿತ್ರಗಳು. ಆ ಚಿತ್ರಗಳನ್ನು ಕೊಟ್ಟ ಎಡೋ ಯುಗದಲ್ಲಿಯೇ ಬೇರೊಂದು ಪಂಥದ ಚಿತ್ರಕಾರರೂ ಇದ್ದರು. ಅವರಿಗೆ ಜಪಾನೀಯರು ‘ಬುಂಜಿನ್’ ಎನ್ನುತ್ತಿದ್ದರು. ಅಕ್ಷರವನ್ನು ಬಲ್ಲವರು, ಸಾಹಿತ್ಯವನ್ನು ಬಾಳುವವರು ಎಂದು ಇದರ ಅರ್ಥ. ಈ ಪಂಥದ ಎಲ್ಲರಲ್ಲಿಯೂ ಮಿಗಿಲಾದವನೆಂದು ನಾವು ತಿಳಿದಿರುವ ಇಕೆ ನೊ ತೈಗನ ಬಾಳನ್ನೂ ಬರವಣಿಗೆಯ ರೀತಿಯನ್ನೂ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ‘ಬರವಣಿಗೆ’ ಎಂದುದು ಬಾಯ್ತಪ್ಪಿನಿಂದಲ್ಲ. ಈ ಜನಕ್ಕೆ ಚಿತ್ರ ಬರೆಯುವುದೂ ಅಕ್ಷರ ಬರೆಯುವುದೂ ಒಂದೇ ಕುಂಚದ, ಒಂದೇ ಮಸಿಯ ಕೆಲಸವಾಗಿದ್ದಿತು. ಕನ್ನಡದಲ್ಲಿಯೂ ಚಿತ್ರವನ್ನು ‘ಬರೆಯುತ್ತೇವೆ’ ಅಲ್ಲವೆ?

ಮೊದಲು ಈ ಪಂಥದ ಮೂಲವನ್ನು ಸ್ವಲ್ಪ ತಿಳಿಯಬೇಕು. ಅದು ಹುಟ್ಟಿದುದು ಚೀನದಲ್ಲಿ. ಅಲ್ಲಿ ಶಾಸ್ತ್ರಗ್ರಂಥಗಳಲ್ಲಿ ಕಠಿನವಾದ ಪರೀಕ್ಷೆಗಳನ್ನು ದಾಟಿದವರು ಸಾಮ್ರಾಜ್ಯದ ಅಧಿಕಾರಿಗಳಾಗುತ್ತಿದ್ದರು. ಕವಿತೆ, ಅಕ್ಷರಲೇಖನ, ಚಿತ್ರ ಈ ಮೂರೂ ಅವರ ವಿರಾಮದ ವ್ಯಾಸಂಗಗಳು. ಹೊಟ್ಟೆಪಾಡು ಸಂಬಳದಿಂದ ನಡೆಯುತ್ತಿದ್ದುದರಿಂದ ಚಿತ್ರವನ್ನು ಮಾರುವ ಅಗತ್ಯ ಅವರಿಗಿರಲಿಲ್ಲ; ಮಾರುವುದು ಹೀನವೆಂಬ ಭಾವನೆಯೂ ಬೆಳೆಯಿತು. 11ನೆಯ ಶತಮಾನದ ಕವಿ ಸು ಶಿ ಮೊದಲಾದವರು, ವಸ್ತುವಿನ ಹೊರಗಿನ ಹೋಲಿಕೆಯೊಂದನ್ನೇ ನೋಡಿ ಚಿತ್ರವನ್ನು ಅಳೆಯುವುದು ಬಾಲಿಶವೆಂದು ವಾದಿಸಿದರು. ಮುಂದೆ ಮಿಂಗ್ ವಂಶದ ಆಳ್ವಿಕೆಯಲ್ಲಿ ದೊಂಗ್ ಚಿಚಾಂಗ್ (1555-1636) ಎಂಬ ಅಧಿಕಾರಿಯು ಹಿಂದಿನ ಚಿತ್ರಕಾರರನ್ನೆಲ್ಲ ಉತ್ತರ, ದಕ್ಷಿಣ ಎಂದು ಎರಡು ಪಂಕ್ತಿಯಾಗಿ ಕೂರಿಸಿ, ವೃತ್ತಿಯವರನ್ನು ಉತ್ತರಕ್ಕೂ ಪಂಡಿತರನ್ನು ದಕ್ಷಿಣಕ್ಕೂ ಸೇರಿಸಿದನು. ಇದಕ್ಕೂ ಅವರು ಹುಟ್ಟಿದ ಊರಿಗೂ ಸಂಬಂಧವಿಲ್ಲ. ಈ ವಿಂಗಡಣೆಯಿಂದಲೇ ಜಪಾನಿನಲ್ಲಿ ಪಂಡಿತರ ಚಿತ್ರಕ್ಕೆ ‘ನಂಗ’, ಅಂದರೆ ದಕ್ಷಿಣದ ಚಿತ್ರ, ಎಂಬ ಹೆಸರು ನಿಂತಿತು.

ಈ ಆದರ್ಶವು ಕಡಲನ್ನು ದಾಟಿ ಜಪಾನಿಗೆ ಬಂದಾಗ ಒಂದು ವಿಚಿತ್ರವಾದ ತೊಡಕು ಉಂಟಾಯಿತು. ಜಪಾನಿನಲ್ಲಿ ಅಂಥ ಪರೀಕ್ಷೆಗಳಿರಲಿಲ್ಲ. ಅಧಿಕಾರವು ಹುಟ್ಟಿನಿಂದ ಸಮುರಾಯಿಗಳಿಗೆ ಸಲ್ಲುತ್ತಿದ್ದಿತು. ಸಾಮಾನ್ಯನ ಮಗನು ಎಷ್ಟು ಓದಿದರೂ ಅಧಿಕಾರಿಯಾಗಲಾರನು. ಅಷ್ಟೇ ಅಲ್ಲ, ಚೀನವನ್ನು ಕಣ್ಣಾರೆ ಕಾಣುವುದೂ ಅಸಾಧ್ಯವಾಗಿದ್ದಿತು. 1635ರಲ್ಲಿ ಹೊರಟ ಆಜ್ಞೆಯ ಪ್ರಕಾರ ಜಪಾನೀಯರು ಹೊರನಾಡಿಗೆ ಹೋಗುವುದು ದಂಡನೀಯ ಅಪರಾಧ. ಚೀನೀಯರೂ ಡಚ್ಚರೂ ನಾಗಸಾಕಿ ಬಂದರಿಗೆ ಬಂದು ವ್ಯಾಪಾರ ಮಾಡಿಕೊಂಡು ಹೋಗಬಹುದಾಗಿದ್ದಿತು. 1720ರಲ್ಲಿ ಪುಸ್ತಕಗಳ ಮೇಲಿನ ನಿರ್ಬಂಧವು ಕೊಂಚ ಸಡಿಲವಾದ ಮೇಲೆ ಚೀನೀ ಗ್ರಂಥಗಳ ಬರವು ಹೆಚ್ಚಿತು. ಚೀನದ ಶ್ರೇಷ್ಠ ಚಿತ್ರಗಳು ಮಾತ್ರ ಬಂದುದು ಅಪರೂಪ. ಆದುದರಿಂದ ಜಪಾನಿನ ಪಂಡಿತ ಚಿತ್ರಕಾರರು, ಯಾವ ದೊಡ್ಡ ಗುರುಗಳನ್ನು ಪೂಜಿಸುತ್ತಿದ್ದರೋ ಆ ಗುರುಗಳ ಒಂದು ಮೂಲಚಿತ್ರವನ್ನೂ ಕಾಣದೆಯೇ ಬಾಳನ್ನು ಕಳೆದವರು ಎಂದರೆ ಹೆಚ್ಚು ತಪ್ಪಾಗದು.

ಇಕೆ ನೊ ತೈಗನು 1723ರಲ್ಲಿ ಕ್ಯೋಟೋ ನಗರದಲ್ಲಿ ಜನಿಸಿದನು. ತಂದೆಯು ಸರಕಾರದ ಬೆಳ್ಳಿ ಟಂಕಸಾಲೆಯಲ್ಲಿ ಕೆಲಸಕ್ಕಿದ್ದವನು. ಮನೆತನ ಮೂಲತಃ ರೈತರದು. ಮಗನು ಇನ್ನೂ ಶಿಶುವಾಗಿದ್ದಾಗಲೇ ತಂದೆ ತೀರಿಕೊಂಡನು. ತಾಯಿಯು ಬಡತನದಲ್ಲಿಯೂ ಹುಡುಗನ ಓದುಬರಹಕ್ಕೆ ಕೊರತೆ ಮಾಡಲಿಲ್ಲ. ಕ್ಯೋಟೋವಿಗೆ ದಕ್ಷಿಣದಲ್ಲಿ ಉಜಿ ಎಂಬಲ್ಲಿ ಮಾಂಪುಕುಜಿ ಎಂಬ ದೊಡ್ಡ ಮಠವುಂಟು. ಚೀನದಿಂದ 1654ರಲ್ಲಿ ಬಂದ ಇಂಗೆನ್ ಎಂಬ ಭಿಕ್ಷುವು 1661ರಲ್ಲಿ ಸ್ಥಾಪಿಸಿದ ಈ ಮಠದ ಕಟ್ಟಡ, ಮಂತ್ರಪಠನ, ಊಟ ಎಲ್ಲವೂ ಚೀನೀ ಪದ್ಧತಿಯವು. ಆರಂಭಕಾಲದ ಮಠಾಧಿಪತಿಗಳು ಬಹುಪಾಲು ಚೀನೀಯರೇ. ಏಳನೆಯ ವಯಸ್ಸಿನಲ್ಲಿ ತೈಗನು ಈ ಮಠಕ್ಕೆ ಹೋಗಿ ಭಿಕ್ಷುಗಳ ಸಮ್ಮುಖದಲ್ಲಿ ದೊಡ್ಡ ಅಕ್ಷರಗಳನ್ನು ಬರೆದು ತೋರಿಸಿದನು. ಅವರು ಬೆರಗಾಗಿ ಹುಡುಗನನ್ನು ಬಾಲಪ್ರತಿಭೆಯೆಂದು ಕೊಂಡಾಡಿದರು. ಚೀನದ ಮಣ್ಣಿಗೆ ತೈಗನು ಬಂದ ಅತಿ ಸಮೀಪದ ಸ್ಥಳವೆಂದರೆ ಅದೇ ಮಠದ ಅಂಗಳ.

ಮಠದವರ ಮೆಚ್ಚುಗೆಯಿಂದ ಮನೆ ನಡೆಯಲಿಲ್ಲ. ಹದಿನೈದರ ಆಸುಪಾಸಿನಲ್ಲಿ ತೈಗನು ಚಿತ್ರಿಸಿದ ಬೀಸಣಿಗೆಗಳನ್ನು ಮಾರುವ ಅಂಗಡಿಯನ್ನು ತೆರೆದನು. ಬೀಸಣಿಗೆಯ ಮೇಲೆ ಬರೆಯಲು ಮಾದರಿ ಬೇಕಷ್ಟೆ? ಅವನಿಗೆ ಒದಗಿದ ಮಾದರಿ ‘ಎಂಟು ಬಗೆಯ ಚಿತ್ರಗಳ ಸಂಪುಟ’ ಎಂಬ ಅರ್ಥದ ಹೆಸರಿನ ಒಂದು ಚೀನೀ ಅಚ್ಚಿನ ಪುಸ್ತಕ. ಜಪಾನಿನಲ್ಲಿ ಅದರ ಮರುಮುದ್ರಣಗಳಾಗಿದ್ದವು. ಅದರೊಳಗಿನ ಬೆಟ್ಟ, ಬಿದಿರು, ಗುಡಿಸಲು, ದೋಣಿಗಳನ್ನು ನೋಡಿ ಹುಡುಗನು ಬೀಸಣಿಗೆಗಳ ಮೇಲೆ ಬರೆದನು. ಗಿರಾಕಿಗಳಿಗೆ ಈ ಹೊಸ ಬಗೆ ಹಿಡಿಸಲಿಲ್ಲ. ಒಮ್ಮೆ ಓಮಿ, ಮಿನೋ, ಓವಾರಿ ಪ್ರಾಂತಗಳಲ್ಲೆಲ್ಲ ಹೊರೆಹೊತ್ತು ತಿರುಗಿದರೂ ಮಾರಾಟವಾಗದೆ, ಮರಳುವ ದಾರಿಯಲ್ಲಿ ಸೆತಾ ಸೇತುವೆಯ ಮೇಲೆ ನಿಂತು ಬೀಸಣಿಗೆಗಳನ್ನೆಲ್ಲ ನಾಗರಾಜನಿಗೆ ಅರ್ಪಿತವೆಂದು ನೀರಿಗೆ ಎಸೆದು ಬಂದನಂತೆ. ಈ ಕತೆಯನ್ನು ಬಾನ್ ಕೋಕೆಯ್ ಎಂಬ ಲೇಖಕನು 1790ರಲ್ಲಿ ಪ್ರಕಟಿಸಿದ, ಲೋಕದ ರೀತಿಗೆ ಹೊರಗಾದ ವಿಲಕ್ಷಣ ಪುರುಷರ ಚರಿತ್ರೆಗಳ ಪುಸ್ತಕದಲ್ಲಿ ಹೇಳಿದ್ದಾನೆ. ತೈಗನು ತೀರಿದ ಹದಿನಾಲ್ಕು ವರ್ಷಗಳೊಳಗೇ ಬಂದ ಪುಸ್ತಕವದು. ಕತೆಯಲ್ಲಿ ಉಪ್ಪುಕಾರ ಸ್ವಲ್ಪ ಸೇರಿರಬಹುದು. ಆದರೂ ಬಲ್ಲವರು ಇನ್ನೂ ಬದುಕಿದ್ದ ಕಾಲದ ಮಾತು.

ಅಚ್ಚಿನ ಪುಸ್ತಕದಿಂದ ಚಿತ್ರ ಕಲಿಯುವುದೆಂದರೇನು ಎಂಬುದನ್ನು ಇಲ್ಲಿ ನಿಂತು ಯೋಚಿಸತಕ್ಕದ್ದು. ಚೀನೀ ಪಂಡಿತರ ಚಿತ್ರದ ಜೀವಾಳವೆಲ್ಲ ಮಸಿಯ ಏರಿಳಿತದಲ್ಲಿದೆ. ಒದ್ದೆ ಕುಂಚದ ತೇವ, ಒಣ ಕುಂಚದ ಒರಟು, ಕಡುಗಪ್ಪಿನಿಂದ ಮಂಜಿನ ಬೂದಿಯವರೆಗಿನ ನೂರು ಛಾಯೆಗಳು, ಕಾಗದವು ಮಸಿಯನ್ನು ಕುಡಿದು ಅಂಚು ಹರಡಿಕೊಳ್ಳುವ ಬಗೆ. ಮರದ ಹಲಗೆಯಲ್ಲಿ ಇವನ್ನು ಕೆತ್ತಲು ಬರುವುದಿಲ್ಲ. ಉಳಿಯು ಕೊಡಬಲ್ಲುದು ಎರಡನ್ನು: ಗೆರೆ, ಚುಕ್ಕೆ. ಹೀಗೆ ಪುಸ್ತಕದಲ್ಲಿ ಬಂದ ಬೆಟ್ಟವು ಬೆಟ್ಟದ ಎಲುಬಿನ ಹಂದರದಂತೆ ಇರುತ್ತದೆ. ರವಿವರ್ಮನ ಚಿತ್ರಗಳನ್ನು ಮೂಲದಲ್ಲಿ ಕಾಣದೆ, ಗೋಡೆಗೆ ತೂಗುಹಾಕಿದ ಅಚ್ಚಿನ ಪ್ರತಿಗಳಿಂದಲೇ ಬಲ್ಲ ನಮ್ಮ ಹಿರಿಯರಿಗೆ ಈ ಸ್ಥಿತಿ ತಿಳಿಯದ್ದೇನೂ ಅಲ್ಲ. ಅವರಿಗೆ ಬಣ್ಣವಾದರೂ ಸಿಕ್ಕಿತು. ತೈಗನಿಗೆ ಅದೂ ಪೂರ್ತಿಯಾಗಿ ಸಿಕ್ಕಲಿಲ್ಲ.

ಸಾಮಾನ್ಯನಾದವನು ಈ ಎಲುಬಿನ ಹಂದರವನ್ನೇ ನಕಲು ಮಾಡಿ ಮುಗಿಸುತ್ತಿದ್ದನು. ತೈಗನ ದೊಡ್ಡಸ್ತಿಕೆ ಎಲ್ಲಿದೆಯೆಂದರೆ, ಆ ಪುಸ್ತಕದ ಬಡತನವನ್ನೇ ಅವನು ತನ್ನ ಬಂಡವಾಳವನ್ನಾಗಿ ಮಾಡಿಕೊಂಡನು. ಗೆರೆ ಮತ್ತು ಚುಕ್ಕೆ ತಾನೆ ಉಳಿದಿರುವುದು? ಹಾಗಾದರೆ ಗೆರೆಯೇ ಕುಣಿಯಲಿ, ಚುಕ್ಕೆಯೇ ಹಾಡಲಿ ಎಂಬಂತೆ ಬರೆದನು. ಅವನ ಪ್ರೌಢಕಾಲದ ಚಿತ್ರಗಳಲ್ಲಿ ಮರದ ಎಲೆಗಳು ಸಾವಿರಾರು ಪುಟ್ಟ ಪುಟ್ಟ ಸ್ಪರ್ಶಗಳಾಗಿ, ಒಂದರ ಪಕ್ಕಕ್ಕೊಂದು, ಮಳೆಹನಿಗಳಂತೆ ಬೀಳುತ್ತವೆ. ಒಂದು ಕಡೆ ಕಡುಮಸಿ, ಅದರ ಮೇಲೆ ತಿಳಿನೀಲಿ, ನಡುವೆ ಒಂದಿಷ್ಟು ಕೆಂಪು. ಬೆಟ್ಟದ ಹೊರಗೆರೆ ಎಲ್ಲಿಯೂ ಬಿಗಿಯಾಗಿ ನಿಲ್ಲದೆ ಉಸಿರಾಡುತ್ತಿರುವಂತೆ ಸಡಿಲವಾಗಿ ಹರಿಯುತ್ತದೆ. ಚೀನದ ದೊಡ್ಡ ಗುರುಗಳ ಮೂಲಚಿತ್ರಗಳ ಮುಂದೆ ಅವನು ಕುಳಿತು ಕಲಿತಿದ್ದರೆ ಅವರ ಒಳ್ಳೆಯ ಶಿಷ್ಯನಾಗುತ್ತಿದ್ದನು, ಈ ಬಗೆಯ ಚಿತ್ರ ಹುಟ್ಟುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ವಿದ್ವಾಂಸರಲ್ಲಿ ಇದನ್ನು ಒಪ್ಪದವರೂ ಉಂಟು. ನಾಗಸಾಕಿಗೆ ಬರುತ್ತಿದ್ದ ಯಿ ಫುಜಿಯು ಎಂಬ ಚೀನೀ ವರ್ತಕನ ಬೆಟ್ಟಹೊಳೆಗಳ ಚಿತ್ರಗಳನ್ನು ತೈಗನು ನೋಡಿ ಗೌರವಿಸಿದ್ದನೆಂಬುದು ನಿಜ. ಆದರೆ ಆ ವರ್ತಕನು ತನ್ನ ಸ್ವದೇಶದಲ್ಲಿ ಹೆಸರುಳ್ಳ ಚಿತ್ರಕಾರನೇನೂ ಆಗಿರಲಿಲ್ಲ.

ಗುರುಗಳೇ ಇರಲಿಲ್ಲವೆಂದೂ ತಿಳಿಯಬಾರದು. ಯಮಾತೋ ಪ್ರಾಂತದ ಕೋರಿಯಾಮ ಸಂಸ್ಥಾನದಲ್ಲಿ ಉನ್ನತ ಪದವಿಯಲ್ಲಿದ್ದ ಯನಗಿಸಾವ ಕಿಯೆನ್ (1703-1758) ಎಂಬ ಸಮುರಾಯಿಯು ಹುಡುಗನನ್ನು ಗುರುತಿಸಿ ಪ್ರೋತ್ಸಾಹಿಸಿದನು. ಕುಂಚವನ್ನು ಬಿಟ್ಟು ಬೆರಳು, ಉಗುರುಗಳಿಂದ ಮಸಿಯನ್ನು ಹರಿಸಿ ಬರೆಯುವ ವಿದ್ಯೆಯನ್ನು ಕಲಿಸಿದನು. ಸಭೆಗಳಲ್ಲಿ ತೈಗನಿಗೆ ಮೊದಲು ಹೆಸರು ತಂದುದು ಈ ಬೆರಳ ಚಿತ್ರವೇ. ಸುಮಾರು 1750ರಲ್ಲಿ ಅವನು ಕಿಯಿ ಸಂಸ್ಥಾನಕ್ಕೆ ಹೋಗಿ ವೃದ್ಧನಾಗಿದ್ದ ಗಿಯೋನ್ ನಂಕಾಯಿ ಎಂಬ ಪಂಡಿತನನ್ನು ಕಂಡನು. ಜಪಾನಿನಲ್ಲಿ ಪಂಡಿತ ಚಿತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಇವನೂ ಒಬ್ಬನು. ಕಿಯೆನ್‌ನೂ ನಂಕಾಯಿಯೂ ಸಂಸ್ಥಾನದ ಅನ್ನ ಉಣ್ಣುತ್ತಿದ್ದವರು. ಚೀನೀ ಆದರ್ಶಕ್ಕೆ ಹೊಂದುವಂತೆ, ಬೇಕೆಂದಾಗ ಬರೆದು ಬೇಡವೆಂದಾಗ ಬಿಡಬಲ್ಲವರು. ಅಂಗಡಿಯ ಹುಡುಗನಾದ ತೈಗನಿಗೆ ಆ ಸೌಕರ್ಯವಿರಲಿಲ್ಲ.

ಅವನಿಗಿದ್ದ ಇನ್ನೊಂದು ಗುರುವೆಂದರೆ ಅವನ ಕಾಲುಗಳು. ಪಂಡಿತ ಚಿತ್ರಕಾರನಾಗಬೇಕಾದವನು ಅಸಂಖ್ಯಾತ ಗ್ರಂಥಗಳನ್ನು ಓದಬೇಕು, ಅಷ್ಟೇ ದೂರ ನಡೆಯಬೇಕು ಎಂದು ದೊಂಗ್ ಚಿಚಾಂಗನು ವಿಧಿಸಿದ್ದನು. ಜಪಾನಿನಲ್ಲಿ ಇದನ್ನು ಅಕ್ಷರಶಃ ಪಾಲಿಸಿದವನು ತೈಗನು. 1748ರಲ್ಲಿ ಎಡೋ ನಗರಕ್ಕೆ (ಇಂದಿನ ಟೋಕಿಯೋ) ಹೋದವನು ಅಲ್ಲಿಗೇ ನಿಲ್ಲದೆ ಉತ್ತರದ ಮತ್ಸುಶಿಮದ ದ್ವೀಪಗಳನ್ನು ನೋಡಿಕೊಂಡು ಬಂದನು. 1760ರಲ್ಲಿ ಕಾನ್ ತೆಂಜು, ಕೋ ಫುಯೋ ಎಂಬ ಇಬ್ಬರು ಗೆಳೆಯರೊಡನೆ ಹಕುಸಾನ್, ತತೆಯಾಮ, ಫುಜಿ ಎಂಬ ಮೂರು ಪವಿತ್ರ ಪರ್ವತಗಳನ್ನು ಒಂದೇ ಯಾತ್ರೆಯಲ್ಲಿ ಹತ್ತಿ ಇಳಿದನು. ದಾರಿಯುದ್ದಕ್ಕೂ ಕಂಡ ಬೆಟ್ಟಗಳ ನೆರಿಗೆಗಳನ್ನು ಗೀಚಿ, ಪಕ್ಕದಲ್ಲಿ ಟಿಪ್ಪಣಿ ಬರೆದುಕೊಂಡ ಹಾಳೆಗಳು ಉಳಿದುಬಂದಿವೆ. ‘ಮೂರು ಶಿಖರಗಳ ಯಾತ್ರಿಕ’ ಎಂಬ ಅರ್ಥದ ಹೆಸರನ್ನೂ ತಾನಿಟ್ಟುಕೊಂಡನು. ಅವನಿಗೆ ಇಂಥ ಹೆಸರುಗಳು ಹಲವು. ಅವುಗಳಲ್ಲಿ ಒಂದು ‘ಮುಮೆಯ್’, ಎಂದರೆ ‘ಹೆಸರಿಲ್ಲದವನು’ ಎಂದು!

ಈ ನಡಿಗೆಯ ಫಲವು ಅವನ ಚಿತ್ರಗಳಲ್ಲಿ ಕಾಣುತ್ತದೆ. ಪುಸ್ತಕದಲ್ಲಿ ಕಲಿತ ಚೀನೀ ಬೆಟ್ಟವೂ ಕಾಲಿಗೆ ಸಿಕ್ಕಿದ ಜಪಾನೀ ಬೆಟ್ಟವೂ ಒಂದಕ್ಕೊಂದು ಬೆಸೆದುಕೊಂಡವು. ಜ್ವಾಲಾಮುಖಿಯಾದ ಅಸಾಮ ಪರ್ವತದ ಮೇಲಿನಿಂದ ಕಂಡ ನಿಜನೋಟವನ್ನು ಅವನು ಬರೆದಿದ್ದಾನೆ. ಅದರಲ್ಲಿ ದೂರದ ನೆಲವು ಹಬ್ಬಿ ಹಬ್ಬಿ ಕಣ್ಣಿಗೆ ಮರೆಯಾಗುವ ರೀತಿ ಯಾವ ಅಚ್ಚಿನ ಪುಸ್ತಕದಲ್ಲಿಯೂ ಸಿಗುವಂಥದಲ್ಲ.

ಇನ್ನು ಅವನ ಗೃಹಜೀವನ. ಕ್ಯೋಟೋವಿನ ಗಿಯೋನ್ ದೇವಾಲಯದ ಬಳಿ ಒಂದು ಚಹದ ಅಂಗಡಿ ಇದ್ದಿತು. ಅದನ್ನು ನಡೆಸುತ್ತಿದ್ದವರು ಕಾಜಿ ಎಂಬಾಕೆ, ಅನಂತರ ಆಕೆಯ ಸಾಕುಮಗಳು ಯುರಿ. ಇಬ್ಬರೂ ‘ವಾಕಾ’ ಎಂಬ ದೇಶೀಯ ಛಂದಸ್ಸಿನಲ್ಲಿ ಹೆಸರಾಂತ ಕವಯಿತ್ರಿಯರು. ಕಾಜಿಯ ಕವಿತಾಸಂಗ್ರಹವು 1707ರಲ್ಲಿಯೇ ಅಚ್ಚಾಗಿದ್ದಿತು. ಚಹ ಕೊಡುವ ಹೆಂಗಸಿನ ಕವಿತೆಗಳನ್ನು ನಗರವು ಕೊಂಡು ಓದುತ್ತಿದ್ದ ಕಾಲವದು! ಯುರಿಯ ಮಗಳಾದ ಮಾಚಿ ಎಂಬುವಳು ತೈಗನ ಹೆಂಡತಿಯಾದಳು. ‘ಗ್ಯೋಕುರಾನ್’ ಎಂಬ ಅಂಕಿತನಾಮವನ್ನು ಅವಳಿಗೆ ಕೊಟ್ಟವನು ಕಿಯೆನ್. ಗಂಡನು ಹೆಂಡತಿಗೆ ಚಿತ್ರವನ್ನೂ ಹೆಂಡತಿಯು ಗಂಡನಿಗೆ ಕವಿತೆಯನ್ನೂ ಕಲಿಸಿದರು. ಮದುವೆಯಾದ ಹೆಂಗಸು ಹುಬ್ಬು ಬೋಳಿಸಿಕೊಳ್ಳಬೇಕೆಂಬ ಅಂದಿನ ಸಂಪ್ರದಾಯವನ್ನು ಇವಳು ಪಾಲಿಸಲಿಲ್ಲವೆಂದು ಹೇಳುತ್ತಾರೆ. ಅವಳ ಬೀಸಣಿಗೆಗಳನ್ನೂ ಬೆಟ್ಟಹೊಳೆಗಳನ್ನೂ ನೋಡಿದವರು ಇವಳನ್ನು ಗಂಡನ ನೆರಳೆಂದು ಕರೆಯಲಾರರು. ಮಾಕುಜುಗಹರ ಎಂಬಲ್ಲಿದ್ದ ಅವರ ಗುಡಿಸಲಿನಲ್ಲಿ ಕಾಗದ, ಮಸಿ, ಪುಸ್ತಕಗಳ ರಾಶಿಯ ನಡುವೆ ಒಬ್ಬರು ತಂತಿವಾದ್ಯ ಮೀಟುವುದು, ಇನ್ನೊಬ್ಬರು ಹಾಡುವುದು ನಡೆಯುತ್ತಿದ್ದಿತೆಂದು ನೆರೆಹೊರೆಯವರ ಮಾತು.

ಬಾನ್ ಕೋಕೆಯ್ ಹೇಳುವ ಇನ್ನೊಂದು ಪ್ರಸಂಗವು ಜಪಾನಿನಲ್ಲಿ ಮನೆಮಾತಾಗಿದೆ. ಒಮ್ಮೆ ತೈಗನು ಓಸಾಕ ನಗರಕ್ಕೆ ಚಿತ್ರ ಬರೆಯಲು ಹೊರಟನು, ಕುಂಚಗಳನ್ನೇ ಮರೆತು. ಗ್ಯೋಕುರಾನ್ ಅವನ್ನು ಹಿಡಿದುಕೊಂಡು ಹಿಂದೆಯೇ ಓಡಿ ಹೋಗಿ ದಾರಿಯಲ್ಲಿ ಕೈಗೆ ಕೊಟ್ಟಳು. ತೈಗನು ಕುಂಚಗಳನ್ನು ಭಕ್ತಿಯಿಂದ ಹಣೆಗೊತ್ತಿಕೊಂಡು, ಎಲ್ಲಿಯ ತಾಯಿಯೋ, ಬಿದ್ದುದನ್ನು ಎತ್ತಿ ತಂದು ಉಪಕಾರ ಮಾಡಿದಿರಿ ಎಂಬರ್ಥದಲ್ಲಿ ವಂದಿಸಿ ಮುಂದೆ ನಡೆದನು. ಅವಳೂ ತಲೆಬಾಗಿ, ಒಂದು ಮಾತೂ ಆಡದೆ ಮನೆಗೆ ಹಿಂದಿರುಗಿದಳು. ಇದನ್ನು ಕೇಳಿ ಹುಡುಗರು ನಗುತ್ತಾರೆ, ನಗಲಿ. ತೈಗನ ಮುದ್ರೆಗಳಲ್ಲಿ ಒಂದನ್ನು ಇದರ ಜೊತೆಗಿಟ್ಟು ನೋಡಬೇಕು. ಹಿಂದಿನ ಜನ್ಮದಲ್ಲಿ ತಾನು ಕುದುರೆಗಳ ಪರೀಕ್ಷಕನಾಗಿದ್ದೆನೆಂಬ ಭಾವದ ಅಕ್ಷರಗಳನ್ನು ಅದರಲ್ಲಿ ಕೆತ್ತಿಸಿಕೊಂಡಿದ್ದನು. ಚೀನದ ಹಳೆಯ ಕತೆಯೊಂದರಲ್ಲಿ ಅಂಥ ಪರೀಕ್ಷಕನೊಬ್ಬನು ಬರುತ್ತಾನೆ. ದೊರೆಗಾಗಿ ಉತ್ತಮಾಶ್ವವನ್ನು ಹುಡುಕಲು ಹೋದವನು ಬಂದು, ಹಳದಿ ಬಣ್ಣದ ಹೆಣ್ಣು ಕುದುರೆ ಸಿಕ್ಕಿತೆಂದನು. ತರಿಸಿ ನೋಡಿದರೆ ಅದು ಕಪ್ಪು ಬಣ್ಣದ ಗಂಡು! ದೊರೆಯು ಸಿಟ್ಟಾದನು. ಬಲ್ಲವನೊಬ್ಬನು, ಇವನು ಕಾಣಬೇಕಾದುದನ್ನು ಕಂಡು ಉಳಿದುದನ್ನು ಬಿಟ್ಟಿದ್ದಾನೆ ಎಂದು ಸಮಾಧಾನ ಹೇಳಿದನು. ಸವಾರಿ ಮಾಡಿ ನೋಡಿದರೆ ಆ ಕುದುರೆಗೆ ಎಣೆಯೇ ಇರಲಿಲ್ಲ. ಹೆಂಡತಿಯ ಮುಖವನ್ನು ಗುರುತಿಸದ ಗಂಡನ ಕತೆ ಹೇಗೆ ಹುಟ್ಟಿತೆಂಬುದನ್ನು ಆ ಮುದ್ರೆಯು ಬಹುಮಟ್ಟಿಗೆ ಹೇಳುತ್ತದೆ. ಗ್ಯೋಕುರಾನಳ ಮೌನಕ್ಕೆ ಮಾತ್ರ ಯಾರೂ ಮುದ್ರೆ ಕೆತ್ತಿಸಲಿಲ್ಲ.

ಇಂಥ ಕತೆಗಳ ಹೊಗೆಯಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ತೈಗನು ದುಡಿದು ತಿಂದವನು. ಅವನು ಬರೆದುದು ಅಪಾರ. ಬೀಸಣಿಗೆ, ಸುರುಳಿ, ಮಡಿಕೆಪರದೆ, ಮಠದ ಗೋಡೆಬಾಗಿಲು, ಅಕ್ಷರಫಲಕ, ಯಾವುದನ್ನು ಕೇಳಿದರೂ ಬರೆದುಕೊಟ್ಟನು. ಶಿಷ್ಯರಿಗೆ ಪಾಠ ಹೇಳಿದನು. ಓಸಾಕದ ಮದ್ಯೋದ್ಯಮಿ ಮನೆತನದ ಕಿಮುರ ಕೆಂಕಾದೋ ಬಾಲ್ಯದಲ್ಲಿ ಅವನಲ್ಲಿ ಕಲಿತವನೇ. ಕಟ್ಟುನಿಟ್ಟಿನ ಚೀನೀ ಲೆಕ್ಕದಲ್ಲಿ ಇವನನ್ನು ಪಂಡಿತ ಚಿತ್ರಕಾರನೆಂದು ಕರೆಯಲೇ ಬಾರದು, ವೃತ್ತಿಯವನೆನ್ನಬೇಕು. ಚೀನದಲ್ಲಿಯೂ ಆ ಲೆಕ್ಕವನ್ನು ಎಲ್ಲರೂ ಪಾಲಿಸಲಿಲ್ಲ ಎಂಬುದು ಬೇರೆ ಮಾತು. ಸಂಬಳವುಳ್ಳವನಿಗೆ ದುಡ್ಡಿನ ಮೇಲೆ ವೈರಾಗ್ಯ ಬರುವುದು ಕಷ್ಟವಲ್ಲ. ಬೆಳಗಾದರೆ ಬೀಸಣಿಗೆ ಮಾರಬೇಕಾದವನು, ಮಾರುವ ಬೀಸಣಿಗೆಯ ಮೇಲೆ ಗಿರಾಕಿಯ ರುಚಿಗೆ ಬಗ್ಗದೆ ತನ್ನ ಬೆಟ್ಟವನ್ನೇ ಬರೆಯುವುದು ಕಷ್ಟ.

ಅವನ ಮಹಾಕೃತಿಗಳಲ್ಲಿ ಎರಡು ಮೂರನ್ನು ಹೇಳುತ್ತೇವೆ. ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಚಿನ್ನದ ತಗಡಿನ ಮೇಲೆ ಬರೆದ ಆರಾರು ಮಡಿಕೆಗಳ ಜೋಡಿಪರದೆಗಳಿವೆ. ಚೀನದ ಎರಡು ಪ್ರಸಿದ್ಧ ಸ್ಥಳಗಳಾದ ಯುಯೆಯಾಂಗ್ ಗೋಪುರವೂ ‘ಕುಡುಕ ಮುದುಕನ ಮಂಟಪ’ವೂ ಅವುಗಳ ವಸ್ತು. ಇವಕ್ಕೆ ಆಧಾರವಾದುದು ಚೀನೀ ಚಿತ್ರಕಾರನೊಬ್ಬನ ಒಂದು ಚಿಕ್ಕ ಚಿತ್ರಸಂಪುಟ. ಕೈಯಲ್ಲಿ ಹಿಡಿಯಬಹುದಾದ ಹಾಳೆಗಳನ್ನು ಆಳೆತ್ತರದ ಪರದೆಗಳಿಗೆ ಹಿಗ್ಗಿಸಿದನು. ಎಂದೂ ಕಾಣದ ಗೋಪುರ, ಎಂದೂ ಕಾಣದ ಸರೋವರ. ಆದರೆ ಹೊನ್ನಿನ ಬಯಲಿನಲ್ಲಿ ನೀರು ಹರಡಿಕೊಂಡಿರುವ ಧಾರಾಳವನ್ನು ನೋಡಿದರೆ ಅಲ್ಲೇ ಹುಟ್ಟಿ ಬೆಳೆದವನೆನಿಸುತ್ತದೆ. ಚಿತ್ರದಲ್ಲಿ ಅತ್ಯಂತ ಕಷ್ಟವಾದುದು ಏನನ್ನೂ ಬರೆಯದೆ ಬಿಟ್ಟ ಜಾಗವೆಂದು ಅವನು ಹೇಳುತ್ತಿದ್ದನೆಂಬ ಪ್ರತೀತಿಯುಂಟು; ಈ ಪರದೆಗಳಲ್ಲಿ ಅದರ ಅರ್ಥ ತಿಳಿಯುತ್ತದೆ. ಏಳರ ಬಾಲಕನಾಗಿ ಅಕ್ಷರ ಬರೆದುತೋರಿಸಿದ ಮಾಂಪುಕುಜಿ ಮಠಕ್ಕೆ ಪ್ರೌಢನಾಗಿ ಮರಳಿ ಬಂದು ಐನೂರು ಅರ್ಹತರ ಚಿತ್ರವನ್ನು ಬೆರಳಿನಿಂದ ಬರೆದುಕೊಟ್ಟನು. ಅವರಲ್ಲಿ ಗಂಭೀರರು ಕಡಮೆ. ಹರಟುವವರು, ಇಣುಕುವವರು, ನಗುವವರೇ ಹೆಚ್ಚು.

ಮೂರನೆಯದು 1771ರ ಒಂದು ಪುಟ್ಟ ಸಂಪುಟ. ಚೀನದ ಲೇಖಕ ಲಿ ಯು (1611-1680) ಹಳ್ಳಿಯ ಬಾಳಿನ ಅನುಕೂಲಗಳನ್ನೂ ಸೊಗಸುಗಳನ್ನೂ ಕುರಿತು ಕವಿತೆಗಳನ್ನು ಬರೆದಿದ್ದನು. ಹತ್ತು ಅನುಕೂಲಗಳನ್ನು ತೈಗನು ಚಿತ್ರಿಸಿದನು. ಹತ್ತು ಸೊಗಸುಗಳನ್ನು ಅವನ ಸಮಕಾಲೀನನಾದ ಬುಸೋನ್ (1716-1784) ಎಂಬ ಹಾಯಿಕು ಕವಿ ಚಿತ್ರಿಸಿದನು. ಹಾಳೆಯು ಅಂಗೈಗಿಂತ ಹೆಚ್ಚು ದೊಡ್ಡದಲ್ಲ, ಒಂದು ಗೇಣಿನ ಚೌಕ. ಬುಸೋನನು ಬೆಳಗು, ಸಂಜೆ, ಗಾಳಿ, ಮಳೆಗಳ ಸೂಕ್ಷ್ಮವನ್ನು ಹಿಡಿದನು. ತೈಗನ ಪಾಲಿಗೆ ಬಂದುದು ಉಳುವುದು, ನೀರು ಸೇದುವುದು, ಬಟ್ಟೆ ಒಗೆಯುವುದು, ಸೌದೆ ತರುವುದು, ಗಾಳ ಹಾಕುವುದು. ಅವನ ಮನುಷ್ಯರು ದುಂಡನೆಯ ಮುಖದವರು; ಕೆಲಸದಲ್ಲಿಯೂ ವಿರಾಮದಲ್ಲಿದ್ದಂತೆ ಕಾಣುತ್ತಾರೆ.

1776ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ತೈಗನು ತೀರಿಕೊಂಡನು. ಗ್ಯೋಕುರಾನ್ ಇನ್ನೂ ಎಂಟು ವರ್ಷ ಬದುಕಿ 1784ರಲ್ಲಿ ಕಾಲವಾದಳು. ಪಂಡಿತ ಚಿತ್ರವು ಅವರ ಅನಂತರ ನಾಡೆಲ್ಲ ಹಬ್ಬಿತು. ಹಬ್ಬಿದಂತೆ ಸವಕಲೂ ಆಯಿತು. ಮೇಯಿಜಿ ಯುಗದಲ್ಲಿ ಅಮೆರಿಕದಿಂದ ಬಂದ ಫೆನೊಲೋಸ ಎಂಬ ಅಧ್ಯಾಪಕನು 1882ರ ಭಾಷಣವೊಂದರಲ್ಲಿ ಈ ಪಂಥವನ್ನು ಕಟುವಾಗಿ ಖಂಡಿಸಿದನು. ಇದು ಚಿತ್ರವಲ್ಲ, ಚಿತ್ರದ ವೇಷದಲ್ಲಿರುವ ಸಾಹಿತ್ಯವೆಂಬುದು ಅವನ ಆಕ್ಷೇಪದ ತಿರುಳು. ಜಪಾನಿನ ಹಳೆಯ ಕಲೆಯನ್ನು ಉಳಿಸಲು ಬಹಳ ಶ್ರಮಿಸಿದ ಅದೇ ವ್ಯಕ್ತಿಯಿಂದ ಈ ಮಾತು ಬಂದುದು ಆಶ್ಚರ್ಯ. ಸವಕಲು ನಕಲುಗಳನ್ನು ಕುರಿತು ಅವನೆಂದುದು ಸರಿಯಿದ್ದಿರಬಹುದು. ತೈಗನಿಗೆ ಅದು ತಗಲದು. ಖಂಡನೆಯನ್ನು ಲೆಕ್ಕಿಸದೆ ಆ ದಾರಿಯಲ್ಲಿಯೇ ನಡೆದ ತೊಮಿಯೋಕ ತೆಸ್ಸಾಯಿಯು 1924ರಲ್ಲಿ ತೀರುವವರೆಗೂ ತೈಗನನ್ನು ಹಿರಿಯನೆಂದು ಗೌರವಿಸಿದನು.

ಅನುಕೂಲಗಳ ಮತ್ತು ಸೊಗಸುಗಳ ಆ ಪುಟ್ಟ ಸಂಪುಟವು ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಕಾದಂಬರಿಕಾರ ಯಾಸುನಾರಿ ಕವಾಬಾತ ಅವರ ಕೈಸೇರಿತು. 1968ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು ಅವರೇ. ಸಂಪುಟವು 1951ರಲ್ಲಿ ಜಪಾನಿನ ರಾಷ್ಟ್ರೀಯ ನಿಧಿಯೆಂದು ಘೋಷಿತವಾಯಿತು. ಈಗ ಅವರ ಹೆಸರಿನ ಪ್ರತಿಷ್ಠಾನದ ವಶದಲ್ಲಿದೆ. ಅದಕ್ಕೆ ವಸ್ತುವನ್ನು ಒದಗಿಸಿದ ಲಿ ಯು, ‘ಸಾಸಿವೆಕಾಳಿನ ತೋಟ’ವೆಂದು ಪ್ರಸಿದ್ಧವಾದ ಚೀನೀ ಚಿತ್ರಪಾಠದ ಪುಸ್ತಕವನ್ನು 1679ರಲ್ಲಿ ಅಚ್ಚುಹಾಕಿಸಲು ಕಾರಣನಾದವನು. ಜಪಾನಿನ ಪಂಡಿತ ಚಿತ್ರಕಾರರು ತಲೆಮಾರುಗಳ ಕಾಲ ಮುಂದಿಟ್ಟುಕೊಂಡು ಕಲಿತ ಪುಸ್ತಕಗಳಲ್ಲಿ ಅದೂ ಒಂದು.